ಇಂಗಿನ ಡಬ್ಬಿಯ ಅವರೆ

ಇವತ್ತು ಬೆಳಿಗ್ಗೆ ಫ್ರಿಜ್ಜಿನಿಂದ ಇಂಗಿನ ಡಬ್ಬಿ ಹೊರತೆಗೆದೆ. ಒಳಗಿರುವುದು ಮೈಸೂರಿನ ಅಜ್ಜಿ ಕಟ್ಟಿಕೊಟ್ಟ ಅವರೆಬೀಜ. ಆದರೂ ಮುಚ್ಚಳ ತೆರೆದರೆ ಮೂಗಿಗೆ ಬರುವುದು ಇಂಗೇ. ಅಜ್ಜಿಯ ಹಿತ್ತಲಿನಲ್ಲಿ ಈಗ ಚಿಕ್ಕಪ್ಪನ ಕಾರು ನಿಲ್ಲುತ್ತದೆ. ಹಾಗಾಗಿ ಆ ಅವರೆ ಉಳಿದಿರುವುದು ಅಬುಧಾಬಿಯ ಈ ಡಬ್ಬಿಯಲ್ಲಿ ಮಾತ್ರ, ಒಂದು ಹಿಡಿ.

ಮೊದಲು ಇನ್ನಷ್ಟಿತ್ತು. ಹೋದ ವರ್ಷ ಯುಗಾದಿಯ ಮರುದಿನವೇ ಬಾಲ್ಕನಿಯ ಕುಂಡದಲ್ಲಿ ಬಿತ್ತಿಬಿಟ್ಟೆ. ಅಜ್ಜಿ ಬಿತ್ತುತ್ತಿದ್ದುದು ಮಳೆಗಾಲದಲ್ಲಿ. ನನಗೆ ಮಾತ್ರ ಬೇವುಬೆಲ್ಲ ತಿಂದೊಡನೆ ಏನಾದರೂ ಶುರುಮಾಡುವ ಹುರುಪು. ಬಳ್ಳಿ ಚೆನ್ನಾಗಿಯೇ ಎದ್ದಿತು. ಬೇಸಿಗೆ ಬಂತು ನೋಡಿ, ಎಲೆ ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿತ್ತು.

ಇಷ್ಟಾದ ಮೇಲೂ ಈ ವರ್ಷದ ಯುಗಾದಿಗೆ ಮತ್ತೆ ಡಬ್ಬಿ ಹಿಡಿದು ಬಾಲ್ಕನಿಗೆ ಹೋದೆ. ಪಕ್ಕದ ಬಾಲ್ಕನಿಯಲ್ಲಿ ಐರಿನ್ ಆಂಟಿ ಬಟ್ಟೆ ಒಣಗಿಸುತ್ತಿದ್ದರು. ಮಂಗಳೂರಿನವರು, ಆಸ್ಪತ್ರೆಯಲ್ಲಿ ನರ್ಸ್.

“ಎಂತ ಮಾರಾಯ್ತಿ, ಪುನಃ ಸುಡ್ಲಿಕ್ಕೆ ಹಾಕ್ತೀಯಾ? ಇಲ್ಲಿ ಚೈತ್ರ ಬರುವುದು ಅಕ್ಟೋಬರಿಗೆ.”

“ಅಕ್ಟೋಬರ್‌ಗೆ ನಾನಿಲ್ಲಿ ಇರ್ತೀನೋ ಇಲ್ವೋ, ಆಂಟಿ.”

“ನಾನು ಸಹ ಹಾಗೇ ಹೇಳಿದ್ದು. ಹೇಳಿ ಹೇಳಿ ಮಗಳ ಮದುವೆ ಆಯ್ತು!” ಕ್ಲಿಪ್ಪು ಸಿಕ್ಕಿಸುತ್ತಾ ನಕ್ಕರು. “ನೀನು ಹೋದ್ರೆ ನಾನು ತಿಂತೇನೆ. ಅವರೆಗೆಂತ ವೀಸಾ ಬೇಕಾ?”

ನನ್ನ ಗುಟ್ಟು ಬಾಲ್ಕನಿಯಾಚೆಗೂ ಕಂಡಿತಲ್ಲ ಎಂದು ನಾಚಿಕೆಯಾಯಿತು. ಬಂದ ದಿನದಿಂದ ನಾನು ಹೊರಟು ನಿಂತವಳಂತೆಯೇ ಬದುಕಿದ್ದೆ. ಹೋಗುವವಳಿಗೆ ಪರದೆ ಯಾಕೆಂದು ಕಿಟಕಿಗೆ ಹಳೆಯ ಪೇಪರ್ ಅಂಟಿಸಿದ್ದೆ. ವಸಂತದಲ್ಲಿ ಬಿತ್ತುವ ಆತುರಕ್ಕೂ ಅದೇ ಕಾರಣ. ಕಾಯುವುದೆಂದರೆ ಇಲ್ಲೇ ಇರುತ್ತೇನೆಂದು ಒಪ್ಪಿಕೊಂಡಂತೆ. ನೀವೇ ಹೇಳಿ, ಒಂದು ಹಿಡಿ ಬೀಜಕ್ಕಾಗಿ ಅಷ್ಟು ದೊಡ್ಡ ಮಾತು ಕೊಡುವುದು ಹೇಗೆ? ಕೊನೆಗೆ ಡಬ್ಬಿ ಫ್ರಿಜ್ಜಿಗೆ ಮರಳಿತು.

ಈಗ ಅಕ್ಟೋಬರ್. ಬೆಳಗಿನ ಗಾಳಿಗೆ ಬಾಲ್ಕನಿಯ ಬಾಗಿಲು ತೆರೆದಿಡಬಹುದು. ಬೆಳಿಗ್ಗೆ ನೆನೆಸಿದ ಅರ್ಧ ಬೀಜವನ್ನು ಸಂಜೆ ಕುಂಡದಲ್ಲಿ ಊರಿ, ಎಲೆಕ್ಟ್ರಾ ಸ್ಟ್ರೀಟಿನ ಅಂಗಡಿಯಿಂದ ತಂದ ಕಂಬಿಯನ್ನು ಬಳ್ಳಿಗೆಂದು ಕಟ್ಟಿದೆ. ಉಳಿದರ್ಧವನ್ನು ಬಟ್ಟಲಲ್ಲಿಟ್ಟು, ಇಷ್ಟು ದಿನದಲ್ಲಿ ಮೊದಲ ಸಲ ನಾನಾಗಿ ಪಕ್ಕದ ಮನೆಯ ಬೆಲ್ ಒತ್ತಿದೆ.

ಆಂಟಿ ನನ್ನೊಡನೆ ಬಂದು ನನ್ನ ಬಾಲ್ಕನಿಗೆ ಇಣುಕಿದರು. “ಇದು ಪರದೆಯ ರಾಡ್ ಅಲ್ವಾ?”

“ಹೌದು ಆಂಟಿ. ಎರಡು ತಂದಿದ್ದೀನಿ. ಇನ್ನೊಂದು ಒಳಗೆ ಕಿಟಕಿಗೆ.”