ಊರಿಗೆ ಹೋಗದ ಅವ್ವ

ನಮ್ಮ ಮನೆಗಳಲ್ಲಿ ಕೆಟ್ಟ ಸುದ್ದಿಯನ್ನು ಮಕ್ಕಳಿಗೆ ನೇರವಾಗಿ ಹೇಳುವ ರೂಢಿಯಿಲ್ಲ. ತಾತ ತೀರಿಕೊಂಡಾಗ ಅಜ್ಜಿ ನನಗೆ ಹೇಳಿದ್ದು, ಊರಿಗೆ ಹೋಗಿದಾರೆ ಎಂದೇ. ನಾನೂ ಅದನ್ನೇ ಕಲಿತೆ. ಅದನ್ನೇ ಒಂದು ಮಗುವಿಗೆ ಹೇಳಿದೆ.

ಏಳೆಂಟು ವರ್ಷದ ಹಿಂದಿನ ಮಳೆಗೆ ರಾಜಕಾಲುವೆ ಉಕ್ಕಿ, ಶ್ರೀಗಂಧದ ಕಾವಲ್‌ನ ನಮ್ಮ ಬಡಾವಣೆಯ ಕೆಳಗಿದ್ದ ಕಟ್ಟಡ ಕೆಲಸದವರ ಶೆಡ್ಡುಗಳು ಕೊಚ್ಚಿಹೋದವು. ಉಳಿದವರನ್ನು ಸಮುದಾಯ ಭವನಕ್ಕೆ ತಂದರು. ಭಜನಾ ಮಂಡಳಿಯ ಹೆಂಗಸರೆಲ್ಲ ಸೇರಿ ಅಡುಗೆ ಮಾಡಿ ಬಡಿಸಿದೆವು. ಅಲ್ಲೊಂದು ಕಂಬಕ್ಕೆ ಒರಗಿ ಆರು ವರ್ಷದ ಹುಡುಗಿಯೊಬ್ಬಳು ಕೂತಿದ್ದಳು. ತಂದೆ ಮೊದಲೇ ಇಲ್ಲ. ಗೋಡೆ ಬಿದ್ದು ಕಾಲು ಮುರಿದು, ರಕ್ತ ಬಹಳ ಹೋಗಿದ್ದ ತಾಯಿ ಆಸ್ಪತ್ರೆಯಲ್ಲಿ, ಉಳಿಯುವುದೇ ಅನುಮಾನ ಎನ್ನುತ್ತಿದ್ದರು. ಹೇಳಿದರೆ ಮಗು ಹೆದರೀತು ಎಂದು ಮಂಡಳಿಯಲ್ಲಿ ತೀರ್ಮಾನವಾಯಿತು: ಅವ್ವ ಊರಿಗೆ ಹೋಗಿದ್ದಾಳೆ. ಪೊಲೀಸರಿಗೆ ಬರೆದುಕೊಟ್ಟು ಮಗುವನ್ನು ಮನೆಗೆ ಕರೆತಂದವಳು ನಾನಾದ್ದರಿಂದ ಆ ಮಾತು ಹೇಳುವ ಕೆಲಸವೂ ನನಗೇ ಬಂತು.

ಮೊದಲ ಮೂರು ದಿನ ಹುಡುಗಿ ನಾವು ಕೊಟ್ಟ ಬಟ್ಟೆಯನ್ನೆಲ್ಲ ಪ್ಲಾಸ್ಟಿಕ್ ಕವರಿಗೆ ತುಂಬಿಕೊಂಡು ಗೇಟಿನ ಹತ್ತಿರ ಕೂರುತ್ತಿದ್ದಳು. ನಾಲ್ಕನೆಯ ದಿನ ಕವರು ಮಂಚದ ಕೆಳಗೆ ಹೋಯಿತು, ಅವ್ವನ ಮಾತೂ ನಿಂತಿತು. ಆಮೇಲೆ ಅಡುಗೆಮನೆಯಲ್ಲಿ ನನ್ನ ಸೆರಗು ಹಿಡಿದೇ ಓಡಾಟ. ನಾನು ಅವಳಿಗಾಗಿ ತಟ್ಟಿದ ಜೋಳದ ರೊಟ್ಟಿ ಹರಿದಾಗ, "ಇದು ರೊಟ್ಟಿ ಅಲ್ರಿ, ಚಿಂದಿ" ಎಂದು ನಕ್ಕಿದ್ದಳು. ಮಗಳು ಮದುವೆಯಾಗಿ ಹೋದ ಮೇಲೆ ನಮ್ಮ ಮನೆಯಲ್ಲಿ ಅಂಥ ನಗು ಕೇಳಿರಲಿಲ್ಲ. ಎರಡನೆಯ ವಾರಕ್ಕೆ ನಾನು ಹತ್ತಿರದ ಶಾಲೆಯಲ್ಲಿ ಸೀಟು ವಿಚಾರಿಸಿಕೊಂಡು ಬಂದೆ. ಅಷ್ಟರಲ್ಲಿ ತಾಯಿ ಪಾರಾದಳೆಂಬ ಸುದ್ದಿ ಬಂದಿತ್ತು. ಆದರೂ ಹೇಳಲಿಲ್ಲ. ಅದು ಮಗುವಿಗಾಗಿ ಅಲ್ಲ, ನನಗಾಗಿ.

ಹುರುಳಿಕಾಯಿ ನಾರು ತೆಗೆಯುತ್ತಿದ್ದ ನಮ್ಮತ್ತೆಯ ಮುಂದೆ, ಹುಡುಗಿ ಎಷ್ಟು ಬೇಗ ಹೊಂದಿಕೊಂಡಳು ನೋಡಿ ಎಂದು ಹಿಗ್ಗಿದೆ. ಅವರು ತಲೆಯೆತ್ತಲಿಲ್ಲ.

"ಹೊಂದ್ಕೊಂಡಿಲ್ಲ ಕಣೇ. ಅವ್ವ ಬಿಟ್ಟೋದ್ಳು ಅಂತ ತಿಳ್ಕೊಂಡು ಮಗು ಸುಮ್ಮನಾಗಿದೆ. ನಿಂಗೂ ಅದೇ ಬೇಕಾಗಿದೆ."

ಎರಡು ದಿನ ಅತ್ತೆಯ ಮೇಲೆ ಸಿಟ್ಟಿನಲ್ಲಿದ್ದೆ. ಮೂರನೆಯ ದಿನ ಮಂಡಳಿಯ ಹಿರಿಯರಿಗೆ ಫೋನ್ ಮಾಡಿ, ಮಗುವಿಗೆ ನಿಜ ಹೇಳುತ್ತೇನೆ ಎಂದೆ. ಎಲ್ಲರೂ ಸೇರಿ ಮಾಡಿದ ತೀರ್ಮಾನ, ಹೆಚ್ಚುಕಮ್ಮಿಯಾದರೆ ನೀವೇ ಹೊಣೆ ಎಂದು ಅವರು ಗದರಿದರು. ಆಗಲಿ ಎಂದೆ.

ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು ಗೋಡೆ, ಕಾಲು, ಆಸ್ಪತ್ರೆ ಎಲ್ಲ ಹೇಳಿದೆ. ಅಳುತ್ತಾಳೆಂದು ಕಾದೆ. ಅವಳು ಅಳಲಿಲ್ಲ.

"ಹಂಗಾರ ಅವ್ವ ನನ್ನ ಬಿಟ್ಟು ಹೋಗಿಲ್ಲೇನು?"

ಇಲ್ಲ ಎಂದೆ. ಮಂಚದ ಕೆಳಗೆ ನುಗ್ಗಿ ಕವರು ಎಳೆದುಕೊಂಡಳು.

ಆಸ್ಪತ್ರೆಯಲ್ಲಿ ತಾಯಿಯ ಕಾಲಿಗೆ ಹಾಕಿದ್ದ ಕಬ್ಬಿಣದ ಸರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು, ಹೆದರಲಿಲ್ಲ. ನಾನು ಮಗುವಿಗೆ ಏನು ಹೇಳಿದ್ದೆ ಎನ್ನುವುದನ್ನು ತಾಯಿಗೆ ಮುಚ್ಚುಮರೆಯಿಲ್ಲದೆ ಒಪ್ಪಿಸಿದೆ. ಆಕೆ ಮಗಳನ್ನು ಹಾಸಿಗೆಯ ಅಂಚಿಗೆ ಎಳೆದುಕೊಂಡಳು.

"ನೀವು ಅನ್ನ ಹಾಕೀರಿ, ಮರಿಯಂಗಿಲ್ಲ. ಆದ್ರ ಇನ್ನ ಆಕಿ ನನ್ನ ಹತ್ರಾನ ಇರ್ಲಿ."

ಶಾಲೆಯ ಮಾತು ನನ್ನ ಬಾಯಲ್ಲೇ ಉಳಿಯಿತು. ಪಕ್ಕದ ಹಾಸಿಗೆಯವರ ಕಡೆಯ ಹೆಂಗಸೊಬ್ಬಳು ಮಗುವನ್ನು ನೋಡಿಕೊಳ್ಳುತ್ತೇನೆಂದಳು. ನಾನು ಬಸ್ಸಿನಲ್ಲಿ ಒಬ್ಬಳೇ ಮನೆಗೆ ಬಂದೆ.

ತಿಂಗಳಾದ ಮೇಲೆ ಹುಡುಗಿಯ ಸೋದರಮಾವ ಬಂದು ತಾಯಿ ಮಗಳನ್ನು ಊರಿಗೆ ಕರೆದೊಯ್ದ. ಕೆಂಗೇರಿ ಸ್ಟೇಷನ್‌ಗೆ ಹೋಗಿದ್ದೆ. ಹುಡುಗಿ ಕಿಟಕಿಯ ಸರಳಿಗೆ ಮುಖ ಒತ್ತಿಕೊಂಡು ಕೇಳಿದಳು, "ನೀವು ಯಾವಾಗ್ಲೂ ಆ ಮನ್ಯಾಗ ಇರ್ತೀರೇನು? ಖರೇ ಹೇಳ್ರಿ."

"ಇರ್ತೀನಿ ಕಣಮ್ಮ."

ನಂಬಿದಳೋ ಇಲ್ಲವೋ, ಮುಖ ನೋಡಿ ತಿಳಿಯುವ ಮೊದಲೇ ರೈಲು ಹೊರಟಿತು.

ಈಗ ಅವಳು ಹೈಸ್ಕೂಲಿನಲ್ಲಿರಬೇಕು. ಮಾವ ಕೊಟ್ಟಿದ್ದ ಫೋನ್ ನಂಬರು ಎಂದೋ ಸತ್ತುಹೋಗಿದೆ. ಅತ್ತೆಯೂ ಇಲ್ಲ. ಮನೆ ಮಾರಿ ಮಗಳ ಮನೆಯ ಹತ್ತಿರ ಫ್ಲ್ಯಾಟ್ ತೆಗೆದುಕೊಳ್ಳೋಣ ಎಂದು ನಮ್ಮ ಯಜಮಾನರು ವರ್ಷ ವರ್ಷ ಹೇಳುತ್ತಾರೆ. ನೀರು ಚೆನ್ನಾಗಿದೆ, ಸೊಪ್ಪಿನವಳು ಬಾಗಿಲಿಗೇ ಬರುತ್ತಾಳೆ ಎಂದು ನಾನು ಏನೋ ಒಂದು ನೆಪ ಹೇಳುತ್ತೇನೆ. ಮೊನ್ನೆ ಯಾರೋ ಮನೆ ನೋಡಲು ಬಂದೇಬಿಟ್ಟರು. ಬಾಗಿಲಲ್ಲೇ ನಿಂತು, ಕೊಡೋದಿಲ್ಲ ಎಂದೆ. ಯಜಮಾನರು ನನ್ನ ಮುಖವನ್ನೊಮ್ಮೆ ನೋಡಿದರು. ಆಮೇಲೆ ಬಂದವರನ್ನು ಒಳಗೆ ಕರೆದು ಕೂರಿಸಿ, ಕಾಫಿಯನ್ನಾದರೂ ಕುಡಿದು ಹೋಗಿ ಎಂದರು.