ಕಂದು ತೊಟ್ಟಿಗೆ ಬೆಲ್ಲ

ಖಂಡೇ ಪೂಜೆಯ ಹಿಂದಿನ ದಿನ ನಾನು ಕೋಟಿಗಟ್ಟಲೆ ಜೀವಗಳನ್ನು ಕೊಂದೆ. ಅದೂ ಜಾಣತನ ತೋರಿಸಲು ಹೋಗಿ.

ಗೋವಾದ ಪರ್ವರಿಯಲ್ಲಿ ಮಾಡುತ್ತಿದ್ದ ಗಾರೆ ಕೆಲಸ ಬಿಟ್ಟು, ಅದೇ ರಾಜ್ಯದ ಒಂದು ಸಣ್ಣ ಊರಿನ ಕೊಳಚೆ ನೀರು ಶುದ್ಧೀಕರಣ ಘಟಕ ಸೇರಿ ಆಗ ಎರಡು ತಿಂಗಳಾಗಿತ್ತು. ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರದ ಕಾಲ. ಊರಿನ ಬಚ್ಚಲು, ಸಂಡಾಸಿನ ನೀರೆಲ್ಲ ನಮ್ಮಲ್ಲಿಗೆ ಬಂದು, ದೊಡ್ಡದೊಂದು ಕಂದು ತೊಟ್ಟಿಯಲ್ಲಿ ಗಾಳಿ ಹೊಡೆಸಿಕೊಂಡು ಬುಳುಬುಳು ಎನ್ನುತ್ತ, ಕೊನೆಗೆ ತಿಳಿಯಾಗಿ ಪಕ್ಕದ ಹೊಳೆಗೆ ಸೇರುತ್ತಿತ್ತು. ಕೆಲಸವೆಲ್ಲ ಮೋಟರಿನದೇ ಎಂದು ನಾನು ತಿಳಿದಿದ್ದೆ.

ನಮ್ಮ ವಿಜಯಪುರದ ಕಡೆ ಖಂಡೇ ಪೂಜೆಗೆ, ಅಂದರೆ ಆಯುಧ ಪೂಜೆಗೆ, ಮುಂಚೆ ದುಡಿಯುವ ಸಾಮಾನನ್ನೆಲ್ಲ ತೊಳೆಯಲೇಬೇಕು. ಮೋಟರು ಒರೆಸಿದೆ, ಕಂಬಿ ತಿಕ್ಕಿದೆ. ತೊಟ್ಟಿಯ ಮೇಲಿನ ಕೊಳಕು ನೊರೆ ಮಾತ್ರ ಕಣ್ಣಿಗೆ ಚುಚ್ಚುತ್ತಿತ್ತು. ಕೋಣೆಯಲ್ಲಿದ್ದ ಎರಡು ಚೀಲ ಬ್ಲೀಚಿಂಗ್ ಪುಡಿ ತಂದು ಅದಕ್ಕೆ ಸುರಿದೆ.

ಮರುದಿನ ಬೆಳಿಗ್ಗೆ ತೊಟ್ಟಿ ಬೂದಿ ಬಣ್ಣಕ್ಕೆ ತಿರುಗಿ ಗಬ್ಬು ನಾರುತ್ತಿತ್ತು. ನಮ್ಮ ಹಿರಿಯ ಆಪರೇಟರು ಧಾರವಾಡದವರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಅವರು ಅಂಚಿನಲ್ಲಿ ಕುಕ್ಕರಿಸಿದರು.

"ಏನ್ ಹಾಕ್ದಿಯೋ ತಮ್ಮಾ ಇದಕ್ಕ?"

"ಪೂಜಿಗೆ ಸ್ವಚ್ಛ ಆಗ್ಲಿ ಅಂತ ಬ್ಲೀಚಿಂಗ್ ಹಾಕೇನ್ರಿ ಕಾಕಾ."

"ಹೊಲಸು ತಿನ್ನೋ ಹುಳಾ ಇದ್ದುವಲ್ಲೋ ಇದರಾಗ! ಕಣ್ಣಿಗೆ ಕಾಣಂಗಿಲ್ಲ, ಅಷ್ಟ. ನೀರು ತೊಳಿಯೋರು ನಾವಲ್ಲ, ಅವು!"

ಅವರು ಓಡಿಹೋಗಿ ಹೊಳೆಯ ಕಡೆಯ ಗೇಟು ಮುಚ್ಚಿದರು. ಪುಣ್ಯಕ್ಕೆ ಕೆಟ್ಟ ನೀರು ಇನ್ನೂ ಅಲ್ಲಿಯವರೆಗೆ ಬಂದಿರಲಿಲ್ಲ. ಊರಿಂದ ಬರುವ ನೀರನ್ನು ಕಂದು ತೊಟ್ಟಿಗಿಂತ ಮುಂಚಿನ ಮೊದಲ ತೊಟ್ಟಿಯಲ್ಲೇ ತಡೆದೆವು. ಅದು ತುಂಬಿದರೆ ಹಸಿ ಕೊಳಚೆ ಉಕ್ಕಿ ನೇರ ಹೊಳೆಗೆ. ಗೇಟಿನಾಚೆ ಒಬ್ಬ ಹೆಂಗಸು ದಿನವೂ ಮೊಣಕಾಲು ನೀರಿನಲ್ಲಿ ಬಗ್ಗಿ ತಿಸ್ರ್ಯೊ ಎಂಬ ಚಿಪ್ಪಿ ಆರಿಸುತ್ತಿದ್ದಳು. ಅದೇ ಅವಳ ಸಂಪಾದನೆ, ಅದೇ ಅವಳ ಮನೆಯ ಸಾರು. ಅಂದೂ ಬಂದಿದ್ದಳು. ನನ್ನನ್ನು ಕಂಡು ಎಂದಿನಂತೆ ಕೈ ಬೀಸಿದಳು. ನನಗೆ ಕೈ ಎತ್ತಲು ಆಗಲಿಲ್ಲ.

ಪಕ್ಕದೂರಿನ ಘಟಕದಿಂದ ಕಾಕಾ ಟ್ಯಾಂಕರಿನಲ್ಲಿ ಜೀವವಿರುವ ಕೆಸರು ತರಿಸಿದರು, ನೆರೆಮನೆಯಿಂದ ಹೆಪ್ಪು ತಂದ ಹಾಗೆ. ಸಗಣಿ ಕದಡಿ ಹಾಕಿದೆವು. ಪೂಜೆಗೆಂದು ನಾನು ತಂದಿದ್ದ ಬೆಲ್ಲವನ್ನೂ ಆ ಹುಳಗಳ ಊಟಕ್ಕೆಂದು ಕರಗಿಸಿ ಸುರಿದೆವು. ಆಮೇಲೆ ಗಾಳಿ ಬಿಟ್ಟು ಕಾಯುವುದಷ್ಟೇ. ಮರುದಿನ ಮಧ್ಯಾಹ್ನ, ಮೊದಲ ತೊಟ್ಟಿ ತುಂಬಲು ಒಂದು ಗೇಣು ಉಳಿದಿದ್ದಾಗ, ಕಾಕಾ ಕಂದು ತೊಟ್ಟಿಯ ನೀರನ್ನು ಗಾಜಿನ ಜಾಡಿಯಲ್ಲಿ ತುಂಬಿ ಕಟ್ಟೆಯ ಮೇಲಿಟ್ಟರು.

"ಅರ್ಧ ತಾಸು ಸುಮ್ನ ನೋಡು."

ನೋಡಿದೆ. ಕದಡಿದ ಕಂದು ನೀರಿನಲ್ಲಿ ಕಣಗಳು ಒಂದನ್ನೊಂದು ಹುಡುಕಿ ಹಿಡಿದುಕೊಂಡವು. ಗೊಂಚಲಾಗಿ ಮೆಲ್ಲಗೆ ಕೆಳಗಿಳಿದವು. ಮೇಲುಳಿದ ತಿಳಿನೀರಿನ ಆಚೆ ಕಾಕಾ ಹಿಡಿದ ಅಂಗೈಯ ಗೆರೆ ಕಾಣಿಸಿತು. ಮೈ ಜುಮ್ಮೆಂದಿತು. ಒಂದು ಊರಿನ ಹೊಲಸನ್ನೆಲ್ಲ ಉಂಡು, ಹೆಸರಿಲ್ಲದೆ, ಸದ್ದಿಲ್ಲದೆ ಹೊಳೆ ಕಾಯುವ ಇಂಥವರ ಮುಂದೆ ನಾನೆಷ್ಟರವನು ಎನಿಸಿತು.

"ಜೀವ ಬಂತು ನೋಡಪಾ," ಎಂದರು ಕಾಕಾ. ಅವರ ಕಣ್ಣಲ್ಲೂ ನೀರಿತ್ತು.

ಸಂಜೆಯ ಹೊತ್ತಿಗೆ ಗೇಟು ತೆರೆದೆವು. ತಿಳಿನೀರು ಹೊಳೆಗಿಳಿಯಿತು. ಆ ಹೆಂಗಸು ತಲೆ ಎತ್ತಿ ಕೂಡ ನೋಡಲಿಲ್ಲ, ಚಿಪ್ಪಿ ಆರಿಸುತ್ತಲೇ ಇದ್ದಳು. ಅವಳ ಪಾಲಿಗೆ ಏನೂ ಆಗಿರಲಿಲ್ಲ. ಈ ಸಲ ನಾನೇ ಮೊದಲು ಕೈ ಬೀಸಿದೆ.

ಅಂದಿನಿಂದ ಪ್ರತಿ ಖಂಡೇ ಪೂಜೆಗೆ ಮೋಟರಿಗೆ ಕುಂಕುಮ ಹಚ್ಚುತ್ತೇನೆ. ಬೆಲ್ಲ ಮಾತ್ರ ತೊಟ್ಟಿಯವರಿಗೆ.