ಕಮಲಾಪುರದ ಏರಿನಲ್ಲಿ ನಿಂತ ಮೋಟರು

ಹೈದರಾಬಾದ್ ಸಂಸ್ಥಾನದ ಮೇಲೆ ಪೋಲೀಸ್ ಆಕ್ಷನ್ ಆದ ಮರುವರ್ಷ ಕಮಲಾಪುರದಿಂದ ಅವ್ವ ಕಲಬುರ್ಗಿಯ ನನ್ನ ಗಂಡನ ಮನೆಗೆ ಹೇಳಿಕಳಿಸಿದಳು: “ಖಾಲಾ ಊರು ಬಿಡಲಿಕತ್ತಾಳ. ಗುರುವಾರ ಮಧ್ಯಾಹ್ನದ ಬಸ್ಸಿಗೆ ಹೊಂಟಾರ. ನೋಡೂದಿದ್ರ ಅಷ್ಟರೊಳಗ ಬಂದು ಮುಟ್ಟು.”

ಚಿಕ್ಕಮ್ಮ ಅನ್ನುವ ಹಾಗೆ ಖಾಲಾ ಅನ್ನುತ್ತಿದ್ದೆ, ಆದರೆ ಅವಳು ನಮ್ಮ ನೆಂಟಳಲ್ಲ, ನೆರೆಯವಳು. ನನ್ನ ತವರಿಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಗಂಡ ಉರ್ದು ಸಾಲೆಯ ಮಾಸ್ತರರು. ಅವ್ವ ಬಾಳೆತೋಟಕ್ಕೆ ಹೋದ ಹೊತ್ತೆಲ್ಲ ನಾನು ಆ ಗೋಡೆಯ ಆಚೆಗೇ ಬೆಳೆದೆ. ಉರ್ದುವಿನ ಅಲೀಫ್ ಬೇ ಬರೆಯುವುದನ್ನು, ಹೊಲಿಗೆ ಹಾಕುವುದನ್ನು ಅವಳೇ ಕಲಿಸಿದಳು. ನಾಲ್ಕು ಒಳ್ಳೆಯ ಬೈಗಳನ್ನೂ ಕಲಿತೆ. ಅವನ್ನು ಇಲ್ಲಿ ಬರೆಯುವುದಿಲ್ಲ. ಸಾಲೆ ಕನ್ನಡಕ್ಕೆ ತಿರುಗಿದ ಮೇಲೆ ಮಾಸ್ತರರಿಗೆ ಕೆಲಸ ಉಳಿಯಲಿಲ್ಲ. ಕಲಬುರ್ಗಿಗೆ ಬಂದು ರೈಲು ಹಿಡಿದು, ಹೈದರಾಬಾದಿನಲ್ಲಿದ್ದ ತಮ್ಮನ ಮನೆ ಸೇರುವುದೆಂದು ಗೊತ್ತುಮಾಡಿಕೊಂಡಿದ್ದರು.

ಅವಳಿಗೆ ನಾನೊಂದು ಮಾತು ಹೇಳಬೇಕಿತ್ತು. ಆಕ್ಷನ್ ಆದ ಹೊಸದರಲ್ಲಿ ಬಾಳೆಹಣ್ಣಿನ ಗಾಡಿಯವನ ಕೈಯಲ್ಲಿ ಅವಳೊಂದು ಚೀಟಿ ಕಳಿಸಿದ್ದಳು. ಎರಡೇ ಸಾಲು: ಬೇಟಿ, ನಾವು ಖೈರಿಯತ್ತಿನಿಂದ ಇದ್ದೇವೆ, ನೀನು ಹೇಗಿದ್ದೀ ಒಂದು ಮಾತು ಬರೆ. ಗಾಡಿಯವನು ಉತ್ತರಕ್ಕೆಂದು ಕಟ್ಟೆಯ ಮೇಲೆ ಕೂತ. ಮಾವನವರು “ದಿನಮಾನ ಛಲೋ ಇಲ್ಲವ್ವಾ, ಈಗ ಬರಿಯೂದು ಬ್ಯಾಡ” ಅಂದರು. ಅವರು ಗದರಿಸಲಿಲ್ಲ, ನಾನೇ ಹೆದರಿದೆ. ಅವನಿಗೆ ನೀರು ಕೊಟ್ಟು ಬರಿಗೈಯಲ್ಲಿ ಕಳಿಸಿದೆ. ದಿನಮಾನ ಸರಿಹೋದ ಮೇಲೂ ಬರೆಯಲಿಲ್ಲ. ಚೀಟಿ ಮುಟ್ಟಿತ್ತು, ಅಂಜಿ ಸುಮ್ಮನಿದ್ದೆ, ತಪ್ಪಾಯಿತು. ಇಷ್ಟನ್ನು ಅವಳ ಮುಖ ನೋಡಿ ಹೇಳಿಬಿಡಬೇಕಿತ್ತು. ಅವರು ಹೊರಡುವ ದಿನ ಕಲಬುರ್ಗಿಯ ಸ್ಟೇಷನ್ನಿಗೆ ಹೋಗಿ ನಿಲ್ಲುತ್ತೇನೆ ಅಂದರೆ ಗಂಜ್ ಪೇಟೆಯ ಸಾಹುಕಾರರ ಸೊಸೆಗೆ ಯಾರು ಹೂಂ ಅಂದಾರು? ತವರಿಗೆ ಹೋಗುತ್ತೇನೆ ಅಂದರೆ ಯಾರೂ ಬೇಡ ಅನ್ನುವಂತಿರಲಿಲ್ಲ. ಹಾಗಾಗಿ ತವರನ್ನೇ ನೆವ ಮಾಡಿಕೊಂಡೆ.

ಮಾವನವರ ಹತ್ತಿರ ಒಂದು ಹಳೆಯ ಮೋಟರಿತ್ತು. ರಜಾಕಾರರ ಗದ್ದಲದಲ್ಲಿ ಯಾರಾದರೂ ಹೊಡೆದುಕೊಂಡು ಹೋದಾರೆಂದು ಗೋದಾಮಿನಲ್ಲಿ ತೊಗರಿ ಚೀಲಗಳ ಹಿಂದೆ ಬಚ್ಚಿಟ್ಟಿದ್ದರು. ಹೊರಗೆ ಬಂದು ಎರಡು ತಿಂಗಳಾಗಿತ್ತು. ಗಂಜ್ ಪೇಟೆಗೆ, ಸ್ಟೇಷನ್ನಿಗೆ ಬಿಟ್ಟರೆ ಎಲ್ಲಿಗೂ ಹೋಗಿರಲಿಲ್ಲ. ಗುರುವಾರ ಬೆಳಿಗ್ಗೆ ನಮ್ಮ ಮನೆಯವರು ಓಡಿಸಲು ಕೂತರು, ಪಕ್ಕದಲ್ಲಿ ಮಾವನವರು, ಹಿಂದೆ ನಾನೂ ಹೋಳಿಗೆಯ ಬುಟ್ಟಿಯೂ.

ಕಪನೂರ ದಾಟಿ ಮಹಾಗಾಂವದವರೆಗೆ ಮೋಟರು ಚೆನ್ನಾಗಿಯೇ ಓಡಿತು. ಆಮೇಲೆ ಏರು ಬಂದಂತೆ ಉಬ್ಬಸದ ಮುದುಕನ ಹಾಗೆ ಕೆಮ್ಮಿತು, ಕುಂಟಿತು, ನಿಂತಿತು. ಸ್ವಲ್ಪ ಹೊತ್ತು ಬಿಟ್ಟರೆ ಶುರುವಾಗುವುದು. ನಾಲ್ಕು ಮಾರು ಹತ್ತಿ ಮತ್ತೆ ನಿಲ್ಲುವುದು. ಇವರು ನೀರು ನೋಡಿದರು, ಪ್ಲಗ್ಗು ಬಿಚ್ಚಿ ಒರೆಸಿದರು, ಬ್ರೇಕು ಹಿಡಿದಿದೆಯೇನೋ ಎಂದು ಗಾಲಿಗಳನ್ನು ಮುಟ್ಟಿ ನೋಡಿದರು. ಬಿಸಿಯಿರಲಿಲ್ಲ.

ಮಾವನವರ ಕಣ್ಣು ನನ್ನ ಬುಟ್ಟಿಯ ಮೇಲೆ ಬಿತ್ತು. “ಹೊರಿ ಹೆಚ್ಚಾಗೇದ. ನಿಮ್ಮವ್ವಗ ಇಷ್ಟು ಹೋಳಿಗಿ ಯಾಕ ಬೇಕವ್ವಾ?”

ನಾನು ಬುಟ್ಟಿ ಹೊತ್ತು ಇಳಿದೆ. ಮೋಟರು ಆಗಲೂ ಹತ್ತಲಿಲ್ಲ.

ಬಿಸಿಲು ನೆತ್ತಿಗೆ ಬಂತು. ನಡೆದೇ ಹೋಗಲೇ ಅನ್ನಿಸಿತು. ಊರು ಇನ್ನೂ ಹರದಾರಿ ದೂರ. ಅಷ್ಟರಲ್ಲಿ ಮೇಲಿನಿಂದ ಧೂಳೆಬ್ಬಿಸಿಕೊಂಡು ಕಲಬುರ್ಗಿಗೆ ಹೋಗುವ ಬಸ್ಸು ಇಳಿಯಿತು. ಖಾಲಾ ಹೊರಟ ಬಸ್ಸು ಅದೇ. ಕೆಟ್ಟು ನಿಂತ ಮೋಟರನ್ನು ಹಾಗೇ ದಾಟಿ ಹೋಗುವ ರೂಢಿ ಆಗಿನ ಡ್ರೈವರುಗಳಿಗೆ ಇರಲಿಲ್ಲ. ಬಸ್ಸು ನಿಂತಿತು. ಹೆಂಗಸರ ಸೀಟಿನ ಪರದೆ ಸರಿಯಿತು.

“ಅರೆ, ನಮ್ಮ ಬೇಟಿ! ಹಿಂಗ್ಯಾಕ ಬಿಸಲಾಗ ನಿಂತೀ?”

ಮಾಸ್ತರರನ್ನು ಬಸ್ಸಿನಲ್ಲೇ ಬಿಟ್ಟು ಖಾಲಾ ಇಳಿದೇ ಬಂದಳು. ಇಬ್ಬರೂ ಬೇವಿನ ಮರದ ಕೆಳಗೆ ಕೂತೆವು. ಗೋಡೆಯಾಚೆಯ ಆ ವಾಸನೆ, ಅತ್ತರು ಮತ್ತು ಒಗ್ಗರಣೆ ಎರಡೂ ಕೂಡಿದ್ದು, ಅವಳ ಬುರಖಾದಲ್ಲಿ ಇನ್ನೂ ಇತ್ತು. ಮೋಟರು ಕೆಟ್ಟರೆ ಅರ್ಧ ದಿನಕ್ಕೆ ಕಡಿಮೆಯಿಲ್ಲ ಎಂದು ನಾನು ಕೇಳಿ ಬಲ್ಲೆ. ಅವಸರವೇನು, ಹೇಳಿದರಾಯಿತು ಅಂದುಕೊಂಡೆ. ಹೋಳಿಗೆ ಕೊಟ್ಟೆ.

“ಇನ್ನೂ ದಪ್ಪ ಮಾಡ್ತೀ. ನಿಮ್ಮತ್ತಿ ಏನೂ ಅನ್ನಂಗಿಲ್ಲ?”

“ಅಂತಾರ. ನೀ ಕಲಿಸಿದ್ದು ಅಂದ್ರ ಸುಮ್ಮನಾಗ್ತಾರ.”

ಅವಳು ನಕ್ಕಳು. ಮೊಣಕಾಲ ನೋವಿನ ಮಾತಾಯಿತು. ತನ್ನ ಬೆಕ್ಕನ್ನು ಜೊತೆಗೆ ಒಯ್ಯಲೆಂದು ಬುಟ್ಟಿಯಲ್ಲಿ ಹಾಕಿದರೆ ಎರಡು ಸಲ ಹಾರಿ ಓಡಿತಂತೆ, ನಮ್ಮವ್ವನ ಒಲೆಯ ಮುಂದೆ ಹೋಗಿ ಮಲಗಿತಂತೆ. “ಅದಕ್ಕ ಹೈದರಾಬಾದ್ ನಕ್ಕೋ ಅಂತ, ಬ್ಯಾಡಂತ” ಅಂದು ಕಣ್ಣೊರೆಸಿಕೊಂಡಳು.

ಅತ್ತ ಬಸ್ಸಿನ ಡ್ರೈವರು, ಮೀಸೆ ಬೆಳ್ಳಗಾದ ಮನುಷ್ಯ, ಎಂಜಿನ್ನಿಗೆ ಕೈ ಹಚ್ಚದೆ ಬರೀ ಕೇಳುತ್ತಿದ್ದ. “ಸಪಾಟ ದಾರ್ಯಾಗ ಓಡ್ತದೇನ್ರೀ?”

“ಓಡ್ತದ.”

“ಏರಿನ್ಯಾಗ ನಿಂತಿದ್ದು, ಒಂದು ಬೀಡಿ ಸೇದೂದರಾಗ ಮತ್ತ ಶುರು ಆಗ್ತದ?”

“ಹೌದ್ರಿ.”

ಅವನು ನೆಟ್ಟಗೆ ಮೋಟರಿನ ಹಿಂದಕ್ಕೆ ಹೋಗಿ ಪೆಟ್ರೋಲ್ ಟಾಕಿಯ ಮುಚ್ಚಳ ತಿರುಗಿಸಿದ. ಸುಸ್ ಎಂದು ಗಾಳಿ ಒಳಗೆ ಎಳೆದುಕೊಂಡ ಸದ್ದು ನಮಗೂ ಕೇಳಿಸಿತು. ಮುಚ್ಚಳವನ್ನು ಬೆಳಕಿಗೆ ಹಿಡಿದ. ಅದರ ನಡುವಿನ ಸಣ್ಣ ತೂತಿನಲ್ಲಿ ಕೆಂಪು ಅರಗು ಗಟ್ಟಿಯಾಗಿ ಕೂತಿತ್ತು.

“ಇದನ್ಯಾರು ಮುಚ್ಚಿದವ್ರು?”

ಮಾವನವರು ಎದೆಯುಬ್ಬಿಸಿದರು. “ನಾನೇ. ಬಚ್ಚಿಟ್ಟಾಗ ಅರಗು ಕಾಯಿಸಿ ಮುಚ್ಚೀನಿ. ಜ್ವಾಳದ ಹಗೇವು ಮುಚ್ಚಂಗಿಲ್ಲೇನು ನಾವು? ಗಾಳಿ ಆಡಿದ್ರ ನೆಲದಾಗಿನ ಜ್ವಾಳ ಕೆಡ್ತದ, ಪೆಟ್ರೋಲು ಹಾರಿ ಹೋಗ್ತದ.”

“ಭಲೇ ಸಾಹುಕಾರ್ರ! ಹಗೇವು ಏರು ಹತ್ತಂಗಿಲ್ಲರಿ. ಒಳಗ ಗಾಳಿ ಹೋದ್ರ ಪೆಟ್ರೋಲು ಮುಂದ ಹರೀತದ. ಏರಿನ್ಯಾಗ ಎಂಜಿನ್ನು ಹೆಚ್ಚು ಕೇಳ್ತದ, ನೀವು ಅದರ ಗಂಟಲಾ ಒತ್ತಿ ಹಿಡದೀರಿ.” ಆಮೇಲೆ ನಮ್ಮ ಕಡೆ ತಿರುಗಿದ. “ಸೂಜಿ ಅದ ಏನವ್ವಾ ಯಾರ ಹತ್ರರೆ?”

ಖಾಲಾ ತೋಳಿನ ಅಂಚಿಗೆ ಚುಚ್ಚಿಟ್ಟ ಸೂಜಿ ತೆಗೆದು ಕೊಟ್ಟಳು. ಅವನು ಟಾಕಿಯಿಂದ ದೂರ ಸರಿದು, ಬೀಡಿಯ ಕಡ್ಡಿ ಗೀರಿ ಅದರ ತುದಿ ಕಾಯಿಸಿ, ಅರಗು ಕೆದರಿ, ಉಫ್ ಎಂದು ಊದಿದ. ಮುಚ್ಚಳ ಹಾಕಿದ. ಎಂಜಿನ್ನು ಗುರ್ರೆಂದು ಎದ್ದಿತು. ಒಂದು ಹೋಳಿಗೆ ತಿಂದು ಮುಗಿಸುವಷ್ಟು ಹೊತ್ತೂ ಆಗಿರಲಿಲ್ಲ.

“ನಡೀರಿ, ನಡೀರಿ, ರೈಲು ತಪ್ತದ!” ಡ್ರೈವರು ಬಸ್ಸಿನ ಹಾರ್ನು ಬಾರಿಸಿದ.

“ಖಾಲಾ, ಒಂದು ಮಾತು—” ಅಂದೆ. ಮಾವನವರು ಆಗಲೇ ಹತ್ತಿರ ಬಂದು ಅವಳಿಗೆ ಕೈಮುಗಿದು, ಸೂಜಿಯಿಂದ ಉಪಕಾರವಾಯಿತು ಎನ್ನುತ್ತ ನಿಂತಿದ್ದರು. ಅವರ ಎದುರಿಗೆ ಚೀಟಿಯ ಮಾತು ಎತ್ತುವಂತಿರಲಿಲ್ಲ. ಖಾಲಾ ನನ್ನ ಗಲ್ಲ ಹಿಡಿದು ಒಂದು ಗಳಿಗೆ ಕಾದಳು. ಕಾದಳೆಂದೇ ನನಗೆ ಈಗಲೂ ಅನ್ನಿಸುತ್ತದೆ. “ಖುಷ್ ರಹೋ” ಎಂದು ಬಸ್ಸು ಹತ್ತಿದಳು. ಪರದೆ ಬಿತ್ತು. ಹೈದರಾಬಾದಿನ ಯಾವ ಓಣಿ ಎಂದೂ ನಾನು ಕೇಳಲಿಲ್ಲ.

ನಮ್ಮ ಮೋಟರು ಏರನ್ನು ಒಂದೇ ಉಸಿರಿಗೆ ಹತ್ತಿತು. ಮಾವನವರು ಕೂಸಿನಂತೆ ಹಿಗ್ಗಿ, “ನೋಡು, ನೋಡು, ಹ್ಯಾಂಗ ಏರಲಿಕತ್ತದ!” ಎಂದು ಬಾಗಿಲು ತಟ್ಟಿದರು. ನಾನು ಹಿಂದಿನ ಗಾಜಿನಲ್ಲಿ ಬಸ್ಸಿನ ಧೂಳನ್ನೇ ನೋಡುತ್ತಿದ್ದೆ. ನಾನು ಅಳುತ್ತಿರುವುದು ಇವರಿಗೆ ಕನ್ನಡಿಯಲ್ಲಿ ಕಂಡಿತು. ಹಿರಿಯರ ಎದುರಿಗೆ ಗಂಡಹೆಂಡಿರು ನೇರವಾಗಿ ಮಾತಾಡುತ್ತಿರಲಿಲ್ಲ. ಹಾಗಾಗಿ ಅಪ್ಪನಿಗೇ ಹೇಳಿದರು:

“ಅವ್ವನ ಮನಿ ಇನ್ನೇನು ಬಂತು, ಅಳಬ್ಯಾಡ ಅಂತ ಹೇಳ್ರಿ ಆಕಿಗೆ. ಲಗೂನ ಮುಟ್ಟಸ್ತೀನಿ.”

ಮತ್ತು ನನ್ನ ಮೇಲಿನ ಅಂತಃಕರಣದಿಂದ ಮೋಟರನ್ನು ಇನ್ನಷ್ಟು ಜೋರಾಗಿ ಓಡಿಸಿದರು.